ಟೆಟ್ರಾಮರಿಗೆ ಹಿಡಿಸದ ರಕ್ತ

ಸಮುದ್ರದ ಕೆಂಪು ಪಾಚಿಯಿಂದ ತೆಗೆದ ಹೊಳೆಯುವ ಬಣ್ಣ, ಮಣ್ಣಿನ ಬ್ಯಾಕ್ಟೀರಿಯಾದ ಒಂದು ಪ್ರೋಟೀನು, ಕರುಳಿನ ಬ್ಯಾಕ್ಟೀರಿಯಾದೊಳಗೆ ಬೆಳೆಸಿದ ಮನುಷ್ಯರ ಪ್ರೋಟೀನು, ಅದರ ಬಾಯಲ್ಲಿ ವೈರಸ್ಸಿನ ಒಂದು ಚೂರು. ಇಷ್ಟನ್ನೂ ಸೇರಿಸಿ, ಅರ್ಧ ಎಂಎಲ್ ದ್ರಾವಣದಲ್ಲಿ ಬೆರೆಸಿ, ಕಿರುಬೆರಳಿನ ತುದಿಯಷ್ಟು ಸೀಸೆಯಲ್ಲಿ ಹಾಕಿ ಮಾರುತ್ತಾರೆ. ಹೆಸರು ಟೆಟ್ರಾಮರ್. ಬೆಲೆ ಕೇಳಿದರೆ ನಮ್ಮಮ್ಮ ಊಟ ಬಿಟ್ಟಾಳೆಂದು ನಾನು ಮನೆಯಲ್ಲಿ ಹೇಳಿಲ್ಲ. ನನ್ನ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಸೀಸೆ ನನಗಿಂತ ದೊಡ್ಡ ಸಂಬಳದ್ದು. ಒಟ್ಟಿಗೆ ಕೆಲಸಕ್ಕೆ ಕೂತಾಗ ಇಬ್ಬರಲ್ಲಿ ಯಾರು ಯಾರ ಕೈಕೆಳಗಿನವರು ಎಂಬ ಬಗ್ಗೆ ನನಗೆ ಯಾವತ್ತೂ ಅನುಮಾನ ಬಂದಿಲ್ಲ.

ಇಂಥದ್ದು ಯಾಕೆ ಬೇಕು ಅಂದರೆ, ರಕ್ತದಲ್ಲಿರುವ ಟಿ ಕೋಶಗಳು ನೋಡಲು ಎಲ್ಲವೂ ಒಂದೇ ಥರ, ಗುರಿ ಮಾತ್ರ ಬೇರೆ ಬೇರೆ. ಫ್ಲೂ ವೈರಸ್ಸಿಗೆಂದು ಇರುವ ಕೋಶ ಹೆಪಟೈಟಿಸ್ ಪಕ್ಕದಲ್ಲೇ ಹಾದು ಹೋದರೂ ತಲೆ ಎತ್ತುವುದಿಲ್ಲ. ಇನ್ನೂ ಕಾಣದ ಒಂದು ವೈರಸ್ಸಿಗಾಗಿ ಕಾದು ಕೂತಿರುವ ಕೋಶಗಳು ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಸಿಕ್ಕರೆ ಹೆಚ್ಚು. ಈ ಕೋಶ ವೈರಸ್ಸನ್ನು ನೇರವಾಗಿ ನೋಡುವುದೂ ಇಲ್ಲ. ಸೋಂಕು ತಗುಲಿದ ಜೀವಕೋಶ ವೈರಸ್ಸಿನ ಪ್ರೋಟೀನನ್ನು ಕತ್ತರಿಸಿ, ಒಂಬತ್ತು ಅಮೈನೋ ಆಮ್ಲದಷ್ಟು ಉದ್ದದ ಚೂರನ್ನು ಎಚ್‌ಎಲ್‌ಎ ಎಂಬ ಪ್ರೋಟೀನಿನ ಸಂದಿಯಲ್ಲಿ ಕೂರಿಸಿ ಹೊರಗೆ ತೋರಿಸಬೇಕು. ಚೂರು ಮತ್ತು ಎಚ್‌ಎಲ್‌ಎ, ಎರಡೂ ಸರಿಹೊಂದಿದರೆ ಮಾತ್ರ ಟಿ ಕೋಶ ಬಂದು ಹಿಡಿಯುತ್ತದೆ.

ಹಾಗಿದ್ದರೆ ಆ ಜೋಡಿಯನ್ನು ಪ್ರಯೋಗಾಲಯದಲ್ಲೇ ತಯಾರಿಸಿ, ಬಣ್ಣ ಹಚ್ಚಿ, ಟಿ ಕೋಶದ ಮುಂದೆ ಹಿಡಿದರಾಯಿತಲ್ಲ? ಆಗಲಿಲ್ಲ. ಒಂಟಿ ಜೋಡಿಯ ಹಿಡಿತ ಸೆಕೆಂಡುಗಳಲ್ಲಿ ಬಿಟ್ಟುಹೋಗುತ್ತದೆ. 1996ರಲ್ಲಿ ಸ್ಟ್ಯಾನ್‌ಫರ್ಡಿನ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಅಂಥ ನಾಲ್ಕು ಜೋಡಿಗಳನ್ನು ಒಟ್ಟಿಗೆ ಕಟ್ಟಿದರು. ಕಟ್ಟಲು ಬಳಸಿದ್ದು ಮಣ್ಣಿನ ಬ್ಯಾಕ್ಟೀರಿಯಾದ ಸ್ಟ್ರೆಪ್ಟಾವಿಡಿನ್. ಅದಕ್ಕೆ ಬಯೋಟಿನ್ ಹಿಡಿಯುವ ಜಾಗ ಸರಿಯಾಗಿ ನಾಲ್ಕಿವೆ. ಎಚ್‌ಎಲ್‌ಎಯ ಬಾಲಕ್ಕೆ ಒಂದೊಂದು ಬಯೋಟಿನ್ ಅಂಟಿಸಿದರೆ ನಾಲ್ಕೂ ಬಂದು ಕೂರುತ್ತವೆ. ಹೊಲದ ಬದುವಿನ ಮೇಲೆ ನಡೆದು ಬಂದ ಅಮ್ಮನ ಸೀರೆಯ ಅಂಚಿಗೆ ಉತ್ತರಾಣಿ ಹತ್ತಿಕೊಂಡಿರುತ್ತದಲ್ಲ, ಒಂದು ಮುಳ್ಳಷ್ಟೇ ತಾಗಿದ್ದರೆ ಕೊಡವಿದ ಕೂಡಲೇ ಉದುರುತ್ತದೆ, ನಾಲ್ಕು ಒಟ್ಟಿಗೆ ಕಚ್ಚಿದರೆ ಕೂತು ಬಿಡಿಸಬೇಕು. ಹಾಗೆ. ಎಚ್‌ಐವಿ ಸೋಂಕಿತರ ರಕ್ತದಲ್ಲಿ ಆ ವೈರಸ್ಸಿಗೆಂದೇ ಇದ್ದ ಟಿ ಕೋಶಗಳನ್ನು ಅವರು ಹೀಗೆ ಬಣ್ಣ ಹಚ್ಚಿ ಎಣಿಸಿ ತೋರಿಸಿದರು.

ಅವರು ಎಣಿಸಿದರು. ನಾನು ಏನು ಮಾಡಿದೆ ಎನ್ನುವುದು ಮುಂದಿನ ಕತೆ.

ನಮ್ಮದು ಬೆಂಗಳೂರಿನ ಒಂದು ಪ್ರಯೋಗಾಲಯ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರಲ್ಲಿ ಸೈಟೊಮೆಗಲೋವೈರಸ್, ಅಂದರೆ ಸಿಎಂವಿ, ತಲೆ ಎತ್ತುವುದನ್ನು ಟಿ ಕೋಶಗಳ ಲೆಕ್ಕದಿಂದ ಮೊದಲೇ ತಿಳಿಯಬಹುದೇ ಎಂಬುದು ಕೆಲಸ. ಸಿಎಂವಿ ನಮ್ಮ ದೇಶದ ಬಹುಪಾಲು ದೊಡ್ಡವರ ಮೈಯಲ್ಲಿ ಸದ್ದಿಲ್ಲದೆ ಬಿದ್ದಿರುವ ವೈರಸ್ಸು. ಆರೋಗ್ಯವಂತರಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕಸಿಯ ನಂತರ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುವವರಿಗೆ ಪ್ರಾಣಕ್ಕೇ ಬರಬಹುದು.

"ಯಾವ ಟೆಟ್ರಾಮರ್ ತರಿಸೋಣಪ್ಪ?" ಎಂದರು ನನ್ನ ಗೈಡ್ ಮೇಡಂ.

"ಎ ಸ್ಟಾರ್ 02:01, ಎನ್‌ಎಲ್‌ವಿ ಪೆಪ್ಟೈಡ್, ಪಿಇ ಬಣ್ಣ, ಮೇಡಂ" ಎಂದೆ ತಡವರಿಸದೆ. ಓದಿದ ಪೇಪರುಗಳಲ್ಲೆಲ್ಲ ಅದೇ ಇತ್ತು. ಎನ್‌ಎಲ್‌ವಿ ಅಂದರೆ ಸಿಎಂವಿಯ ಪಿಪಿ65 ಎಂಬ ಪ್ರೋಟೀನಿನ 495ರಿಂದ 503ರವರೆಗಿನ ಒಂಬತ್ತು ಅಮೈನೋ ಆಮ್ಲಗಳು, ಅವನ್ನು ನಾನು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಮೇಡಂ ತುಸು ಹೊತ್ತು ನನ್ನ ಮುಖ ನೋಡಿದರು. ಅದನ್ನು ಮೆಚ್ಚುಗೆ ಎಂದುಕೊಂಡೆ.

ಸೀಸೆ ವಿಮಾನವೇರಿ ಬಂತು. ಬಂದು ವಿಮಾನ ನಿಲ್ದಾಣದಲ್ಲೇ ಕೂತಿತು. ಕ್ಲಿಯರಿಂಗ್ ಏಜೆಂಟರು ಫೋನ್ ಮಾಡಿ, "ಸಾರ್, ಇದ್ರಲ್ಲಿ ವೈರಸ್ ಇದೆಯಾ ಅಂತ ಕೇಳ್ತಿದ್ದಾರೆ" ಎಂದರು. ಇಲ್ಲ ಎಂದಿದ್ದರೆ ಸಂಜೆಗೇ ಕೈಗೆ ಬರುತ್ತಿತ್ತು. ವಿಜ್ಞಾನಿಯಾದವನು ನಿಖರವಾಗಿ ಮಾತಾಡಬೇಕು ಎಂದು ಯಾರೋ ಹೇಳಿಕೊಟ್ಟಿದ್ದರಲ್ಲ. "ಒಂದು ಚೂರು ಇದೆ" ಎಂದೆ. ಆಮೇಲೆ ಆ ಚೂರಿನಿಂದ ಇರುವೆಗೂ ಅಪಾಯವಿಲ್ಲ ಎಂದು ಇನ್‌ಸ್ಟಿಟ್ಯೂಟಿನ ಲೆಟರ್‌ಹೆಡ್ಡಿನಲ್ಲಿ ಬರೆಸಿ, ಮೊಹರು ಹಾಕಿಸಿ, ನಾನೇ ಹೋಗಿ ಕೊಟ್ಟು ಬಂದೆ.

ಅಂತೂ ಪೆಟ್ಟಿಗೆ ಕೈ ಸೇರಿದ ದಿನ ನನ್ನ ಜೋಪಾನ ನೋಡಬೇಕಿತ್ತು. ಪ್ರಯೋಗಾಲಯದಲ್ಲಿ ಬೆಲೆಬಾಳುವುದೆಲ್ಲ ಮೈನಸ್ 80ರ ಫ್ರೀಜರಿನಲ್ಲಿರುತ್ತದೆ. ಅದಕ್ಕೆ ಬೀಗವಿದೆ, ಕೀಲಿಕೈಗೆ ರಿಜಿಸ್ಟರ್ ಇದೆ, ಕರೆಂಟು ಹೋದರೆ ಕೂಗುವ ಅಲಾರಂ ಇದೆ. ಇಷ್ಟು ದುಬಾರಿ ಸೀಸೆಯನ್ನು ಮೊಸರಿನ ಡಬ್ಬಿಯ ಹಾಗೆ ಸಾಮಾನ್ಯ ಫ್ರಿಜ್ಜಿನಲ್ಲಿಡಲು ನನ್ನ ಸಂಸ್ಕಾರ ಒಪ್ಪಲಿಲ್ಲ. ಮೈನಸ್ 80ರ ಮೇಲಿನ ಅರೆಯಲ್ಲಿ, ನನ್ನ ಹೆಸರು ಬರೆದ ಡಬ್ಬಿಯಲ್ಲಿ, ಟಿಶ್ಯೂ ಕಾಗದ ಸುತ್ತಿ ಇಟ್ಟೆ.

"ಟೆಟ್ರಾಮರ್ ಎಲ್ಲಿಟ್ಟಿದ್ದೀಯ?"

"ಮೈನಸ್ 80ರಲ್ಲಿ ಮೇಡಂ. ಕೀಲಿಕೈ ನನ್ನ ಹತ್ರಾನೇ ಇದೆ."

ಮೇಡಂ ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಹತ್ತಿರ ಕೆಲಸ ಮಾಡಿದವರಿಗೆ ಇದರ ಅರ್ಥ ಗೊತ್ತು.

ಪಿಇ ಎಂದರೆ ಫೈಕೊಎರಿಥ್ರಿನ್, ಮೊದಲಿಗೆ ಹೇಳಿದ ಪಾಚಿಯ ಬಣ್ಣ. ಅದೂ ಒಂದು ದೊಡ್ಡ ಪ್ರೋಟೀನೇ. ಹೆಪ್ಪುಗಟ್ಟಿಸಿದರೆ ಕೆಡುತ್ತದೆ, ಬೆಳಕಿಗಿಟ್ಟರೂ ಕೆಡುತ್ತದೆ. ಅದರ ಜೊತೆಯ ಎಚ್‌ಎಲ್‌ಎಯದೂ ಅಷ್ಟೇ ನಾಜೂಕು ಮೈಕಟ್ಟು. 2ರಿಂದ 8 ಡಿಗ್ರಿಯಲ್ಲಿ, ಕತ್ತಲಲ್ಲಿಡಬೇಕು. ಅಂದರೆ ಮೊಸರಿನ ಪಕ್ಕದ ಜಾಗವೇ ಸರಿ. ಫ್ರೀಜ್ ಮಾಡಬೇಡಿ ಎಂದು ಪೆಟ್ಟಿಗೆಯ ಮೇಲೆ ಕೆಂಪಕ್ಷರದಲ್ಲಿ ಅಚ್ಚಾಗಿತ್ತು. ನಾನು ಪೆಟ್ಟಿಗೆಯನ್ನು ಎಸೆದು ಸೀಸೆಯನ್ನು ಮಾತ್ರ ಜೋಪಾನ ಮಾಡಿದ್ದೆ.

ಎರಡನೇ ಸೀಸೆಗೆ ಇಂಡೆಂಟ್ ಹಾಕುವಾಗ ಪರ್ಚೇಸ್ ವಿಭಾಗದವರು, ಅದೇ ಸಾಮಾನು ಇಷ್ಟು ಬೇಗ ಮತ್ತೆ ಯಾಕೆ, ಕಾರಣ ಬರೆಯಿರಿ ಎಂದರು. "ಮೊದಲನೆಯದು ಶೀತದಿಂದ ಕೆಟ್ಟಿರುವ ಕಾರಣ" ಎಂದು ಬರೆದೆ. ಶೀತದ ಕ್ಲೇಮಿಗೆ ಬೇರೆ ಫಾರಂ ಇದೆ, ಡಾಕ್ಟರ ಚೀಟಿ ಲಗತ್ತಿಸಬೇಕು ಎಂದು ಕಡತ ವಾಪಸ್ಸು ಬಂತು.

ಎರಡನೇ ಸೀಸೆ ಬಂದಾಗ ಅದನ್ನು ಮುಟ್ಟುವ ಅಧಿಕಾರ ಅಟೆಂಡರ್ ಅಣ್ಣನಿಗೆ ಹೋಗಿತ್ತು. ಬೇಕಾದರೆ ನಾನು ಅವರನ್ನು ಕೇಳಬೇಕು. ಅವರು ಫ್ರಿಜ್ಜಿನ ಬಾಗಿಲು ತೆಗೆಯುವಾಗ ಟ್ಯೂಬ್‌ಲೈಟನ್ನೂ ಆರಿಸುತ್ತಿದ್ದರು.

ರೋಗಿಗಳ ಅಮೂಲ್ಯ ರಕ್ತಕ್ಕೆ ಕೈ ಹಚ್ಚುವ ಮೊದಲು ಆರೋಗ್ಯವಂತರ ರಕ್ತದಲ್ಲಿ ಪ್ರಯೋಗ ಕುದುರಿಸಬೇಕು. ಯಾರ ರಕ್ತ? ನನ್ನದೇ ಎಂದೆ. ಎಥಿಕ್ಸ್ ಕಮಿಟಿಯ ಅನುಮತಿಯಿತ್ತು, ಆದರೆ ದಾನಿಗೆ ಅಧ್ಯಯನವನ್ನು ತಿಳಿಯುವಂತೆ ವಿವರಿಸಿ ಸಹಿ ಪಡೆಯಬೇಕೆಂಬುದು ನಿಯಮ. ವಿವರಿಸಬೇಕಾದ ಸಂಶೋಧಕ ನಾನು. ವಿವರಿಸಿಕೊಳ್ಳಬೇಕಾದ ದಾನಿಯೂ ನಾನು. ಖಾಲಿ ಕೋಣೆಯಲ್ಲಿ ಕೂತು ನನಗೆ ನಾನೇ ಎಲ್ಲವನ್ನೂ ಓದಿ ಹೇಳಿದೆ. ಯಾವುದೇ ಹಂತದಲ್ಲಿ ಕಾರಣ ಕೊಡದೆ ಹಿಂದೆ ಸರಿಯಬಹುದು, ಅದರಿಂದ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ ಎಂಬಲ್ಲಿಗೆ ಬಂದಾಗ ಮೇಡಂ ನೆನಪಾಗಿ, ದಾನಿ ಆ ಮಾತನ್ನು ನಂಬಲಿಲ್ಲ. ಆದರೂ ಸಹಿ ಹಾಕಿದ.

ರಕ್ತ ತೆಗೆಯಲು ಬಂದ ಸಿಸ್ಟರ್ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬು ಹಿಡಿದು ನನ್ನ ತೋಳಿನಲ್ಲಿ ನರ ಹುಡುಕಿದರು. ಅಷ್ಟು ಹೊತ್ತಿಗೆ ನನಗೆ ಕಣ್ಣು ಕತ್ತಲಿಟ್ಟಿತ್ತು. ಎಚ್ಚರಾದಾಗ ಬಾಯಿಗೆ ಗ್ಲೂಕೋಸ್ ಬಿಸ್ಕತ್ತು ಹಿಡಿದು, "ಏನ್ ಓದ್ತಿದ್ದೀರಪ್ಪಾ?" ಎಂದು ಕೇಳುತ್ತಿದ್ದರು. "ಸಾಹಿತ್ಯ" ಎಂದೆ.

ರಕ್ತದಿಂದ ಬಿಳಿ ಕೋಶ ಬೇರ್ಪಡಿಸಲು ಫೈಕಾಲ್ ಎಂಬ ದ್ರಾವಣದ ಮೇಲೆ ರಕ್ತವನ್ನು ಮೆಲ್ಲಗೆ ಹರಿಸಿ, ಸೆಂಟ್ರಿಫ್ಯೂಜಿನಲ್ಲಿ ಅರ್ಧ ಗಂಟೆ ತಿರುಗಿಸಬೇಕು. ಕೆಂಪು ರಕ್ತಕಣ ತಳಕ್ಕೆ ಹೋಗುತ್ತದೆ, ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ನಡುವೆ ತೆಳ್ಳನೆಯ ಬಿಳಿ ಉಂಗುರ. ನಿಲ್ಲಿಸುವಾಗ ಬ್ರೇಕ್ ಆಫ್ ಇರಬೇಕು, ಇಲ್ಲದಿದ್ದರೆ ಪದರಗಳೆಲ್ಲ ಕಲಸಿಹೋಗುತ್ತವೆ. ಬ್ರೇಕ್ ಆನ್ ಇತ್ತು. ಹೆಚ್ಚು ಹೇಳುವುದಿಲ್ಲ. ಸಿಸ್ಟರನ್ನು ಮತ್ತೆ ಕರೆಸಬೇಕಾಯಿತು, ಅವರು ಬಿಸ್ಕತ್ತು ತಂದೇ ಬಂದರು.

ಮುಂದಿನ ಸಲ ಉಂಗುರ ಚೆನ್ನಾಗಿ ಬಂತು. ಹತ್ತು ಎಂಎಲ್ ರಕ್ತದಿಂದ ಸುಮಾರು ಒಂದು ಕೋಟಿ ಕೋಶ. ಬಣ್ಣ ಹತ್ತಿದ ಕೋಶಗಳನ್ನು ಒಂದೊಂದಾಗಿ ಎಣಿಸುವ ಫ್ಲೋ ಸೈಟೋಮೀಟರ್ ಸಿಕ್ಕಿದ್ದು ಸಂಜೆಯ ಸ್ಲಾಟಿನಲ್ಲಿ. ಅಲ್ಲಿಯತನಕ ಕೋಶಗಳು ಏಪ್ರಿಲ್ ಬಿಸಿಲಿನ ಕಿಟಕಿಯ ಪಕ್ಕ, ಸೀರಮ್ ಇಲ್ಲದ ಬರಿಯ ಉಪ್ಪುನೀರಿನಂಥ ಬಫರಿನಲ್ಲಿ ಕೂತಿದ್ದವು. ಸತ್ತ ಕೋಶಗಳನ್ನು ಗುರುತಿಸುವ ಬಣ್ಣವೊಂದಿದೆ. ಅದನ್ನು ಹಾಕಲಿಲ್ಲ. ಇಷ್ಟು ಖರ್ಚಾದ ಮೇಲೆ ಇನ್ನೊಂದು ಬಣ್ಣ ಯಾಕೆ ಎಂದು ಪ್ರಯೋಗಾಲಯಕ್ಕೆ ಉಳಿತಾಯ ಮಾಡಿಕೊಡಲು ಹೊರಟಿದ್ದೆ.

ಸಂಜೆ ಪರದೆಯ ಮೇಲೆ ಚುಕ್ಕಿಗಳು ಮೂಡತೊಡಗಿದವು. ಪಿಇ ಅಕ್ಷದ ಮೇಲ್ಗಡೆ ದಟ್ಟವಾದ ಮೋಡ. ಗೇಟ್ ಹಾಕಿ, ಅಂದರೆ ಆ ಮೋಡದ ಸುತ್ತ ಗೆರೆ ಎಳೆದು ನೋಡಿದರೆ ನೂರಕ್ಕೆ ಮೂವತ್ತು! ಎನ್‌ಎಲ್‌ವಿ ಗುರುತಿಸುವ ಕೋಶ ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ, ಅದಕ್ಕಿಂತ ಕಡಿಮೆಯೋ ಇರುತ್ತದೆ. ನನ್ನದು ಮೂವತ್ತು. ನಮ್ಮ ವಂಶದಲ್ಲೇ ಏನೋ ವಿಶೇಷವಿರಬೇಕು ಎನ್ನಿಸಿತು. ನಮ್ಮ ತಾತ ತೊಂಬತ್ತರವರೆಗೆ ಬಾಳಿದ್ದು ಸುಮ್ಮನೆಯೇ? ಮನೆಗೆ ಫೋನ್ ಮಾಡಿ, "ಅಮ್ಮಾ, ನನ್ನ ರಕ್ತದಲ್ಲಿ ಏನೋ ಇದೆ" ಎಂದೆ. ಅಮ್ಮ ಗಾಬರಿಯಾಗಿ ಮನೆದೇವರಿಗೆ ಹರಕೆ ಹೊತ್ತಳು. ನಾನು ಮೈಸೂರ್‌ಪಾಕ್ ತಂದು ಇಡೀ ಲ್ಯಾಬಿಗೆ ಹಂಚಿದೆ.

ಮೇಡಂ ಒಂದು ತುಂಡು ಬಾಯಿಗೆ ಹಾಕಿಕೊಂಡು ಪ್ಲಾಟ್ ನೋಡಿದರು. "ಸಿಡಿ8 ಇಲ್ಲದ ಕೋಶಗಳೂ ಟೆಟ್ರಾಮರ್ ಹಿಡಿದಿವೆಯಲ್ಲ?"

"ಹೌದು ಮೇಡಂ, ಹೊಸ ಥರದ ಕೋಶ ಇರಬಹುದು."

"ಡೆಡ್ ಸೆಲ್ ತೆಗೆದಿದ್ದೀಯಾ?"

ನಾನು ಸುಮ್ಮನಿದ್ದೆ. ಈ ಟೆಟ್ರಾಮರ್ ಹಿಡಿಯಬೇಕಾದದ್ದು ಸಿಡಿ8 ಎಂಬ ಗುರುತಿರುವ ಟಿ ಕೋಶಗಳು ಮಾತ್ರ. ಸತ್ತ ಕೋಶಗಳಿಗೆ ಯಾವ ಭೇದವೂ ಇಲ್ಲ, ಎದುರಿಗೆ ಬಂದ ಪ್ರೋಟೀನಿಗೆಲ್ಲ ಅಂಟಿಕೊಳ್ಳುತ್ತವೆ. ಇಮ್ಯುನಾಲಜಿಗೆ ಹೊಸ ಕೋಶವೊಂದನ್ನು ಕೊಟ್ಟೆನೆಂದುಕೊಂಡಿದ್ದು ಕಿಟಕಿ ಪಕ್ಕದಲ್ಲಿ ಒಣಗಿ ಸತ್ತ ನನ್ನದೇ ಕೋಶಗಳ ರಾಶಿ. ಮೇಡಂ ಇನ್ನೊಂದು ತುಂಡು ಮೈಸೂರ್‌ಪಾಕ್ ತೆಗೆದುಕೊಂಡರು. ಫಲಿತಾಂಶ ಹೋದರೂ ಸಿಹಿ ಹಾಳಾಗಬಾರದಲ್ಲ.

ಮತ್ತೆ ಸಿಸ್ಟರ್, ಮತ್ತೆ ಬಿಸ್ಕತ್ತು. ಈ ಸಲ ಸತ್ತ ಕೋಶಗಳನ್ನು ಗುರುತಿಸುವ ಬಣ್ಣ ಹಾಕಿದೆ, ಬಿ ಕೋಶ, ಮೊನೊಸೈಟುಗಳನ್ನು ಪಕ್ಕಕ್ಕೆ ಸರಿಸಿದೆ. ಪರದೆ ಸ್ವಚ್ಛವಾಯಿತು. ಎಷ್ಟು ಸ್ವಚ್ಛ ಎಂದರೆ ಟೆಟ್ರಾಮರ್ ಹಿಡಿದ ಕೋಶ ಒಂದೂ ಉಳಿಯಲಿಲ್ಲ.

ಇಲ್ಲಿಂದ ನನ್ನ ಪಾಂಡಿತ್ಯದ ಕಾಲ. ಟೆಟ್ರಾಮರಿನಲ್ಲಿ ಗಂಟುಗಳಿರಬಹುದೆಂದು ಬಳಸುವ ಮೊದಲು ಜೋರಾಗಿ ಸ್ಪಿನ್ ಮಾಡಿದೆ. ಸಿಡಿ8 ಆಂಟಿಬಾಡಿಯ ಕೆಲವು ಕ್ಲೋನುಗಳು ಟೆಟ್ರಾಮರಿನ ಹಿಡಿತಕ್ಕೆ ಅಡ್ಡ ಬರುತ್ತವೆ ಎಂದು ಓದಿ ಬೇರೆ ಕ್ಲೋನ್ ಬಳಸಿದೆ. ಟೆಟ್ರಾಮರನ್ನು ಮೊದಲು ಹಾಕಿ ಆಂಟಿಬಾಡಿಗಳನ್ನು ಆಮೇಲೆ ಹಾಕಿದೆ. ಟೆಟ್ರಾಮರ್ ಹಿಡಿದ ಟಿ ಕೋಶ ತನ್ನ ಗ್ರಾಹಕವನ್ನೇ ಒಳಗೆಳೆದುಕೊಳ್ಳುವುದುಂಟು. ಅದನ್ನು ತಡೆಯಲು ಡಸಾಟಿನಿಬ್ ಎಂಬ ರಕ್ತ ಕ್ಯಾನ್ಸರಿನ ಔಷಧವನ್ನು 50 ನ್ಯಾನೋಮೋಲಾರ್ ಸಾಂದ್ರತೆಯಲ್ಲಿ ಅರ್ಧ ಗಂಟೆ ಮೊದಲೇ ಕೊಡುವ ಉಪಾಯವಿದೆ, ಅದನ್ನೂ ಮಾಡಿದೆ. ಇವೆಲ್ಲ ಒಳ್ಳೆಯ ಉಪಾಯಗಳೇ, ಕೋಶ ಇದ್ದರೆ ಹೊಳಪು ಹೆಚ್ಚುತ್ತದೆ. ಇಲ್ಲದ ಕೋಶಕ್ಕೆ ಯಾವ ಉಪಾಯ?

ಆ ಹೊತ್ತಿಗೆ ಧಾರವಾಡದ ಕಡೆಯ ಹುಡುಗಿಯೊಬ್ಬಳು ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಬಂದು ಸೇರಿದ್ದಳು. ವಾರ ಪೂರ್ತಿ ಮೂಲೆಯಲ್ಲಿ ಕೂತು ಟಿಪ್ ಬಾಕ್ಸ್ ತುಂಬುತ್ತ ನನ್ನ ಪರದಾಟ ನೋಡಿದವಳು ಒಂದು ದಿನ ಕೇಳಿದಳು:

"ಸರ, ನೀವು ಎ ಟೂ ಅದೀರೇನ್ರಿ?"

"ಇಲ್ಲಮ್ಮ, ಓ ಪಾಸಿಟಿವ್" ಎಂದೆ.

ಇಡೀ ಲ್ಯಾಬಿನಲ್ಲಿ ಫ್ರಿಜ್ಜಿನ ಮೋಟಾರೊಂದೇ ಸದ್ದು ಮಾಡುತ್ತಿತ್ತು. ಅವಳು ಬಹಳ ಮರ್ಯಾದೆಯವಳು, ನಗಲಿಲ್ಲ. ಟಿಪ್ ಬಾಕ್ಸಿನ ಕಡೆ ತಿರುಗಿ, ಭುಜ ಮಾತ್ರ ಅಲುಗಾಡಿಸಿದಳು.

ಅವಳು ಕೇಳಿದ್ದು ಎಚ್‌ಎಲ್‌ಎ ಬಗೆಯನ್ನು. ಎಚ್‌ಎಲ್‌ಎ-ಎ ಒಂದರಲ್ಲೇ ಸಾವಿರಾರು ರೂಪಗಳಿವೆ, ಒಬ್ಬೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು. ನನ್ನ ಟಿ ಕೋಶ ನನ್ನ ಎಚ್‌ಎಲ್‌ಎ ಮೇಲೆ ಕೂತ ಚೂರನ್ನು ಮಾತ್ರ ಗುರುತಿಸುತ್ತದೆ. 1974ರಲ್ಲಿ ಕ್ಯಾನ್‌ಬೆರಾದಲ್ಲಿ ಪೀಟರ್ ಡೋಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಇಲಿಗಳಲ್ಲಿ ಕಂಡುಕೊಂಡಿದ್ದು ಇದನ್ನೇ: ಸೋಂಕು ಒಂದೇ ಇದ್ದರೂ, ಬೇರೆ ತಳಿಯ ಇಲಿಯ ಕೋಶವನ್ನು ಟಿ ಕೋಶ ಮುಟ್ಟುವುದಿಲ್ಲ. ಅದಕ್ಕೆ ಅವರಿಗೆ ನೊಬೆಲ್ ಬಂದದ್ದು 1996ರಲ್ಲಿ, ಟೆಟ್ರಾಮರ್ ಪೇಪರ್ ಬಂದ ವರ್ಷವೇ. ಎಂ.ಎಸ್ಸಿ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ನಾನು ಇದನ್ನೇ ಚಿತ್ರಸಮೇತ ಬರೆದು ಪೂರ್ತಿ ಅಂಕ ತೆಗೆದಿದ್ದೆ. ಉತ್ತರಪತ್ರಿಕೆಯ ಜೊತೆಗೆ ವಿಷಯವನ್ನೂ ವಿಶ್ವವಿದ್ಯಾಲಯಕ್ಕೇ ಒಪ್ಪಿಸಿ ಬಂದಿದ್ದೆನೆಂದು ಕಾಣುತ್ತದೆ.

ಬಿಬಿ7.2 ಎಂಬ ಆಂಟಿಬಾಡಿಯಿದೆ. ಎ2 ಇರುವವರ ಕೋಶಕ್ಕೆ ಹತ್ತುತ್ತದೆ, ಇಲ್ಲದವರದಕ್ಕೆ ಹತ್ತುವುದಿಲ್ಲ. ಎರಡು ಹನಿ ರಕ್ತ ಸಾಕು, ಮಧ್ಯಾಹ್ನದೊಳಗೆ ಉತ್ತರ. ಅದರ ಸೀಸೆ ನಮ್ಮ ಫ್ರಿಜ್ಜಿನಲ್ಲೇ, ಟೆಟ್ರಾಮರಿನ ಪಕ್ಕದಲ್ಲೇ ಇತ್ತು. ಹುಡುಗಿ ಹಾಕಿ ನೋಡಿದಳು. ನನಗೆ ಹತ್ತಲಿಲ್ಲ. ಪೂರ್ತಿ ಟೈಪಿಂಗ್ ಮಾಡಿಸಿದಾಗ ವರದಿ ಬಂತು: ಎ*11:01, ಎ*33:03. ನಮ್ಮ ಕಡೆ ತೀರಾ ಸಾಮಾನ್ಯವಾದ ಬಗೆಗಳು. ವಂಶದಲ್ಲಿ ವಿಶೇಷವೇನೂ ಇರಲಿಲ್ಲ.

ಅಮ್ಮನಿಗೆ ವಿವರಿಸಿದೆ. ಒಂದು ನಿನ್ನ ಕಡೆಯಿಂದ, ಒಂದು ಅಪ್ಪನ ಕಡೆಯಿಂದ ಬರುತ್ತಮ್ಮ, ಎರಡರಲ್ಲಿ ಒಂದೂ ಪ್ರಯೋಗಕ್ಕೆ ಬೇಕಾದ್ದಲ್ಲ ಎಂದೆ. "ನಿಮ್ಮಪ್ಪನ ಕಡೆಯವರು ಯಾವಾಗ ತಾನೆ ಬೇಕಾದ್ದು ಕೊಟ್ಟಿದ್ದಾರೆ?" ಎಂದಳು. ತನ್ನ ಕಡೆಯದರ ಬಗ್ಗೆ ಏನೂ ಹೇಳಲಿಲ್ಲ.

ಹಾಗಾದರೆ ನನ್ನ ಮೈಯಲ್ಲಿ ಸಿಎಂವಿ ವಿರುದ್ಧ ಟಿ ಕೋಶಗಳೇ ಇರಲಿಲ್ಲವೇ? ಅದನ್ನೂ ಹುಡುಗಿಯೇ ತೋರಿಸಿದಳು. ಪಿಪಿ65 ಪ್ರೋಟೀನಿನ ಉದ್ದಕ್ಕೂ ಒಂದರ ಮೇಲೊಂದು ಸರಿಯುವಂತೆ ಕತ್ತರಿಸಿದ ಚೂರುಗಳ ಮಿಶ್ರಣವನ್ನು ಕೋಶಗಳಿಗೆ ಕೊಟ್ಟು, ರಾತ್ರಿಯಿಡೀ ಇಟ್ಟು, ಇಂಟರ್‌ಫೆರಾನ್-ಗಾಮಾ ಸುರಿಸಿದ ಒಂದೊಂದು ಕೋಶದ ಜಾಗದಲ್ಲೂ ಒಂದೊಂದು ಚುಕ್ಕಿ ಮೂಡಿಸುವ ಎಲಿಸ್ಪಾಟ್ ಎಂಬ ವಿಧಾನವಿದೆ. ಎಚ್‌ಎಲ್‌ಎ ಯಾವುದಿದ್ದರೂ ನಡೆಯುತ್ತದೆ, ಮಿಶ್ರಣದಲ್ಲಿ ತನಗೆ ಹೊಂದುವ ಚೂರನ್ನು ಕೋಶವೇ ಆರಿಸಿಕೊಳ್ಳುತ್ತದೆ. ಬೆಳಿಗ್ಗೆ ನೋಡಿದರೆ ನನ್ನ ಕೋಶಗಳಿದ್ದ ಗುಳಿಗಳಲ್ಲಿ ಎಣಿಸಲಾರದಷ್ಟು ಚುಕ್ಕಿ. ಕೋಶಗಳು ಮೊದಲಿಂದಲೂ ಅಲ್ಲೇ ಇದ್ದವು. ಎಲಿಸ್ಪಾಟಿನಲ್ಲಿ ಕೋಶವನ್ನು ಜೀವಂತ ಹಿಡಿದು ಬೇರ್ಪಡಿಸಲಾಗದು, ಅದರ ಉಳಿದ ಚಹರೆ ನೋಡಲಾಗದು. ಅದಕ್ಕೆ ಟೆಟ್ರಾಮರೇ ಆಗಬೇಕು. ಆದರೆ ನನಗೆ ಎ11ರ ಟೆಟ್ರಾಮರ್ ಬೇಕಿತ್ತು, ಎ2ರದ್ದಲ್ಲ.

ನನ್ನ ಹೆಡ್ಡತನದ ಪಾಲನ್ನು ಪೂರ್ತಿ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಯೂರೋಪಿಯನ್ ಮೂಲದ ಜನರಲ್ಲಿ ಹತ್ತರಲ್ಲಿ ನಾಲ್ಕೈದು ಮಂದಿಗೆ ಎ2 ಇರುತ್ತದೆ. ಸಂಶೋಧನೆ ಹೆಚ್ಚಾಗಿ ಅವರ ರಕ್ತದಲ್ಲೇ ನಡೆದದ್ದರಿಂದ ಕ್ಯಾಟಲಾಗುಗಳಲ್ಲೂ ಪೇಪರುಗಳಲ್ಲೂ 02:01ರದ್ದೇ ದರಬಾರು. ನಮ್ಮಲ್ಲಿ ಎ2 ಎಂದು ಬಂದರೂ ಅದು 02:11 ಅಥವಾ 02:06 ಆಗಿರಬಹುದು, ಮೊದಲೆರಡು ಅಂಕಿ ನೋಡಿ ಹಿಗ್ಗುವಂತಿಲ್ಲ. ನಮ್ಮ ಕಸಿ ರೋಗಿಗಳ ಫೈಲಿನಲ್ಲಿ ಎಲ್ಲರ ಟೈಪಿಂಗ್ ವರದಿಯೂ ಮೊದಲ ಪುಟದಲ್ಲೇ ಇತ್ತು, ಕಸಿಗೆ ಮುಂಚೆ ಅದನ್ನು ಮಾಡಿಸಲೇಬೇಕಲ್ಲ. ಆ ಪುಟ ತಿರುವಿ ನೋಡಿ ಟೆಟ್ರಾಮರ್ ಆರಿಸಿದ್ದರೆ ಎರಡು ಸೀಸೆಯ ದುಡ್ಡೂ, ನನ್ನ ರಕ್ತವೂ, ಒಂದು ಕೇಜಿ ಮೈಸೂರ್‌ಪಾಕೂ ಉಳಿಯುತ್ತಿದ್ದವು. ಈಗ ಇಂಡೆಂಟ್ ಬರೆಯುವ ಕೆಲಸ ಹುಡುಗಿಯದು. ಎ11 ಮತ್ತು ಎ24ರ ಟೆಟ್ರಾಮರುಗಳನ್ನು ಅವಳೇ ಆರಿಸಿದ್ದಾಳೆ, ಪೆಟ್ಟಿಗೆ ಬಿಚ್ಚುವುದೂ ಅವಳೇ.

ಆದರೆ ಎರಡನೇ ಸೀಸೆಯಲ್ಲಿ 02:01ರ ಟೆಟ್ರಾಮರ್ ಇನ್ನೂ ಅರ್ಧದಷ್ಟಿದೆ, ಅವಧಿ ಮುಗಿಯಲು ಕೆಲವೇ ತಿಂಗಳಿದೆ. ಓದುಗರಲ್ಲಿ ಯಾರಾದರೂ ಅಸ್ಥಿಮಜ್ಜೆ ದಾನಿಗಳ ಪಟ್ಟಿಗೆ ಹೆಸರು ಕೊಟ್ಟಿದ್ದರೆ, ಅಥವಾ ಮನೆಯವರಿಗೆ ಮೂತ್ರಪಿಂಡ ಕೊಡಲು ಪರೀಕ್ಷೆ ಮಾಡಿಸಿಕೊಂಡಿದ್ದರೆ, ಆ ವರದಿ ತೆಗೆದು ಎಚ್‌ಎಲ್‌ಎ-ಎ ಎಂಬ ಸಾಲು ನೋಡಿ. ಅಲ್ಲಿ 02:01 ಇದ್ದರೆ ದಯಮಾಡಿ ಒಂದು ಬೆಳಿಗ್ಗೆ ಬನ್ನಿ, ಹತ್ತು ಎಂಎಲ್ ಸಾಕು. ಅಧ್ಯಯನದ ವಿವರವನ್ನು ನನ್ನ ಬದಲು ಬೇರೆಯವರು ಹೇಳುತ್ತಾರೆ. ಸಿಸ್ಟರ್ ಕೈ ಹಗುರ, ಬಿಸ್ಕತ್ತೂ ಇದೆ.